ಕಾರವಾರದ ಹತ್ತಿರ ನಿಂತ ಚುಕ್ಕೆ

ನನ್ನ ಗಂಡ ಗಂಗೊಳ್ಳಿಯಿಂದ ಹತ್ತು ದಿನ ಕಡಲಲ್ಲೇ ಇದ್ದು ಮೀನು ಹಿಡಿಯುವ ಬೋಟಿಗೆ ಹೋಗುವವರು. ನಾನು, ಅತ್ತೆ ವಂಡ್ಸೆ ಪೇಟೆಯಲ್ಲಿ ಮೀನು ಮಾರುತ್ತೇವೆ. ಬೋಟು ದಡದ ಹತ್ತಿರ ಇರುವಷ್ಟು ಹೊತ್ತು ಅವರ ಮೊಬೈಲಿಗೆ ಸಿಗ್ನಲ್ ಸಿಗುತ್ತದೆ, ಎಲ್ಲಿದ್ದಾರೆಂದು ನನ್ನ ಮೊಬೈಲಿನ ನಕ್ಷೆಯಲ್ಲಿ ಒಂದು ನೀಲಿ ಚುಕ್ಕೆ ತೋರಿಸುತ್ತದೆ. ಬುಟ್ಟಿಯ ಬಂಗುಡೆಗಿಂತ ಆ ಚುಕ್ಕೆಯನ್ನೇ ಹೆಚ್ಚು ಕಾಯುತ್ತೀ ಎಂದು ಅತ್ತೆ ಆಡಿಕೊಳ್ಳುತ್ತಾರೆ.

ಮದುವೆಯಾದ ಹೊಸತರಲ್ಲಿ ಅವರು ಮುಂಬಯಿಯ ಹೋಟೆಲಿನಲ್ಲಿದ್ದರು. ಆಗ ಊರಿಗೆ ಬರುವ ದಾರಿಯಲ್ಲಿ ಮುಂಬಯಿ ಸಿಮ್ಮಿಗೆ ರೋಮಿಂಗ್, ಬಂದ ಕರೆ ಎತ್ತಿದರೂ ದುಡ್ಡು ಹೋಗುತ್ತಿತ್ತು. ಅದಕ್ಕೇ ನಮ್ಮಲ್ಲಿ ಒಂದು ಕಟ್ಟುಪಾಡು: ಅವರು ಒಂದು ರಿಂಗ್ ಕೊಟ್ಟು ಕಟ್ ಮಾಡಿದರೆ ಕ್ಷೇಮ, ನಾನು ಎತ್ತಬಾರದು. ಮನೆಯಲ್ಲಿ ಏನಾದರೂ ಹೆಚ್ಚುಕಮ್ಮಿಯಾಗಿದ್ದರೆ ಮಾತ್ರ ನಾನು ಎತ್ತುವುದು. ಈಗ ದೇಶದೊಳಗೆ ರೋಮಿಂಗಿಗೆ ಬೇರೆ ದುಡ್ಡಿಲ್ಲ. ಆದರೂ ಬೋಟು ಬಂದರು ಸೇರಿದಾಗ ಕೊಡುವ ನಮ್ಮ ಒಂದು ರಿಂಗು ಹಾಗೇ ಉಳಿದಿತ್ತು.

ಕಳೆದ ವರ್ಷ ಅವರು ಹೊರಡುವ ಹಿಂದಿನ ದಿನ ಅವರ ಮೊಬೈಲಿನ ಹಳೇ ಫೋಟೋ ಅಳಿಸುತ್ತಾ ಕೂತಿದ್ದೆ. ಸೆಟ್ಟಿಂಗಿನಲ್ಲಿ 'ಡೇಟಾ ರೋಮಿಂಗ್' ಆನ್ ಆಗಿದ್ದು ಕಣ್ಣಿಗೆ ಬಿತ್ತು. ರೋಮಿಂಗ್ ಎಂಬ ಶಬ್ದ ಕಂಡರೇ ನನಗೆ ಹಳೇ ಹೆದರಿಕೆ. ಆಫ್ ಮಾಡಿದೆ, ಹೇಳಲು ಮರೆತೆ.

ಐದನೇ ದಿನ ಬೆಳಿಗ್ಗೆ ಗಾಳಿ ಎದ್ದಿತು. ಬೋಟುಗಳೆಲ್ಲ ಕೂಡಲೇ ದಡ ಸೇರಬೇಕೆಂದು ಸೂಚನೆ ಬಂತು. ಬಡಗು ದಿಕ್ಕಿಗೆ ಹೋಗುತ್ತಿದ್ದ ಚುಕ್ಕೆ ಕಾರವಾರದ ಹತ್ತಿರ ಬಂದು ನಿಂತೇಬಿಟ್ಟಿತು. ಒಂದು ಗಂಟೆ, ಎರಡು ಗಂಟೆ. ಕಳಿಸಿದ ಮೆಸೇಜಿಗೆ ಒಂದೇ ಟಿಕ್. ಕರೆ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗೆ. ಗಿರಾಕಿ ಅಂಜಲ್ ಕೇಳಿದರೆ ನಾನು ಬಂಗುಡೆ ಕೊಟ್ಟೆ.

"ಎಂತಕೆ ಹೆದರ್ತೆ ಹೆಣೆ? ಮುಂಚೆ ಚುಕ್ಕಿ ಇತ್ತಾ? ಗಂಡಸ್ರ್ ಮನಿಗ್ ಬರ್ಲಿಲ್ಯಾ?" ಎಂದರು ಅತ್ತೆ. ಹಾಗೆಂದವರೇ ಕೊಯ್ಯುತ್ತಿದ್ದ ಮೀನನ್ನು ಅರ್ಧಕ್ಕೆ ಬಿಟ್ಟು ನನ್ನ ಮೊಬೈಲು ನೋಡುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಅವರ ಕರೆ ಬಂತು. ಒಂದು ರಿಂಗು. ಅದೇ ಸಾಕಿತ್ತು, ಎತ್ತಬಾರದಿತ್ತು. ನಾನು ಮೀನಿನ ಕೈಯಲ್ಲೇ ಎತ್ತಿಬಿಟ್ಟೆ.

ಆ ಕಡೆಯಿಂದ ಅವರು ಕೂಗಿದರು. "ಎಂತಾಯ್ತೆ? ಅಬ್ಬಿಗೆ ಎಂತಾರೂ ಆಯ್ತಾ?"

ಅವರ ಅಬ್ಬಿ, ಅಂದರೆ ಅತ್ತೆ, ನನ್ನ ಪಕ್ಕದಲ್ಲೇ ಗಟ್ಟಿಮುಟ್ಟಾಗಿ ಕೂತಿದ್ದರು. ನಾನು ಅಳತೊಡಗಿದೆ, ಅವರು ಇನ್ನಷ್ಟು ಹೆದರಿದರು. ಕೊನೆಗೆ ಅತ್ತೆಯೇ ಮೊಬೈಲು ಕಸಿದುಕೊಂಡು, "ನಂಗೆಂತ ಆಯ್ಲಿಲ್ಲ ಮಾರಾಯಾ, ನೀ ಎಲ್ಲಿದ್ದೆ?" ಎಂದರು. ಅವರು ಗೋವಾದ ಬಂದರು ಸೇರಿದ್ದರು. ನಡುವೆ ಕಡಲಲ್ಲಿ ಸಿಗ್ನಲೇ ಇರಲಿಲ್ಲವಂತೆ; ಡೇಟಾ ರೋಮಿಂಗ್ ಆಫ್ ಇದ್ದದ್ದರಿಂದ ಗೋವಾದ ಟವರು ಸಿಕ್ಕಿದ್ದೇ ನೆಟ್ ಸತ್ತು ಚುಕ್ಕೆ ನಿಂತಿತ್ತು. "ಆಫ್ ಮಾಡಿದ್ದ್ ನಾನೇ" ಎಂದು ಒಪ್ಪಿಕೊಂಡೆ.

ಅವರು ಬೈಯಲಿಲ್ಲ. "ಇನ್ಮೇಲೆ ಯಾವಾಗ್ಲೂ ಎತ್ತ್" ಎಂದರು.

ಈಗ ಬೋಟು ಯಾವ ಬಂದರು ಸೇರಿದರೂ ನಾನು ಮೊದಲ ರಿಂಗಿಗೇ ಎತ್ತುತ್ತೇನೆ. "ಎಂತ?" ಎನ್ನುತ್ತಾರೆ. "ಎಂತ ಇಲ್ಲ" ಎನ್ನುತ್ತೇನೆ.