ಚಹಾ ಪೆಟ್ಟಿಗೆಯ ಬೆಳ್ಳಿ ಕಾಗದ

ಮೈದಾ ಅಂಟಿನ ಮೇಲೆ ನನಗೆ ಅಪಾರ ಗೌರವವಿದೆ. ಗಟ್ಟಿಯಾಗಿ ಅಂಟಿತೆಂದಲ್ಲ, ಸರಿಯಾದ ಹೊತ್ತಿಗೆ ಬಿಟ್ಟುಕೊಂಡಿತೆಂದು.

ಎಂಬತ್ತರ ದಶಕದ ಒಂದು ಬೇಸಿಗೆ. ಲೋಕಿಕೆರೆಯ ತವರಿನಲ್ಲಿ ಬಾಣಂತನ ಮುಗಿಸಿದ ಹೆಂಡತಿಯನ್ನೂ ಹಸುಗೂಸು ಮಗಳನ್ನೂ ಹರಿಹರಕ್ಕೆ ಕರೆತರಬೇಕಿತ್ತು. ಹಿರಿಯರು ನೋಡಿದ ಗಳಿಗೆ ಮಟಮಟ ಮಧ್ಯಾಹ್ನಕ್ಕೇ ಬಿತ್ತು. ಸಾಲದ್ದಕ್ಕೆ, ಬಾಣಂತಿಗೂ ಕೂಸಿಗೂ ಗಾಳಿ ಸೋಕಬಾರದೆಂದು ಕಿಟಕಿ ತೆಗೆಯುವಂತಿಲ್ಲ. ಡಾಕ್ಟರು ನೋಡಿದರೆ, ಈಗಷ್ಟೇ ಜ್ವರ ಬಿಟ್ಟ ಕೂಸು, ಸೆಕೆ ತಾಗಿಸಬೇಡಿ ಎಂದಿದ್ದಾರೆ. ಇಬ್ಬರ ಮಾತನ್ನೂ ಮೀರುವ ಧೈರ್ಯ ನನಗಿರಲಿಲ್ಲ.

ದಾವಣಗೆರೆಯ ಗೆಳೆಯ, ಚಹಾಪುಡಿ ವ್ಯಾಪಾರಿ ಖಲೀಲ್ ಸಾಹೇಬರು ತಮ್ಮ ವ್ಯಾನು ತಾವೇ ಓಡಿಸಿಕೊಂಡು ಬರುತ್ತೇನೆಂದರು. ಪುಣ್ಯಾತ್ಮ! ಆದರೆ ಬಿಸಿಲಲ್ಲಿ ಅದರೊಳಗೆ ಕೂತರೆ ರೊಟ್ಟಿ ಹಂಚಿನ ಕೆಳಗೆ ಕೂತ ಹಾಗೆ. ಆಗ ನನ್ನ ತಲೆಯಲ್ಲಿ ವಿಜ್ಞಾನ ಎದ್ದು ಕೂತಿತು. ಥರ್ಮಾಸ್ ಫ್ಲಾಸ್ಕಿನೊಳಗೆ ಹೊಳಪು ಇರುವುದು ಸುಮ್ಮನೇ ಏನು? ಸಾಹೇಬರ ಅಂಗಡಿಯಲ್ಲಿ ಚಹಾ ಪೆಟ್ಟಿಗೆಗಳಿಂದ ಕಿತ್ತ ಬೆಳ್ಳಿ ಕಾಗದ ರಾಶಿ ಬಿದ್ದಿತ್ತು. ಇಬ್ಬರೂ ಅದನ್ನು ಒಂದೇ ಹಾಳೆಯಾಗಿ ಜೋಡಿಸಿ, ಹೊಳಪು ಸೂರ್ಯನ ಕಡೆಗಿರಲೆಂದು ಮೇಲ್ಮುಖ ಮಾಡಿ, ಮೈದಾ ಅಂಟು ಬಳಿದು, ವ್ಯಾನಿನ ಚಾವಣಿಗೆ ಒಳಗಿನಿಂದ ಸುಕ್ಕಿಲ್ಲದಂತೆ ಒತ್ತಿದೆವು.

ನನ್ನ ಅತ್ತೆಯೂ ಜೊತೆಗೆ ಹೊರಟರು. ಅವರಿಗೆ ಅಳಿಯನೊಡನೆ ನೇರ ಮಾತಾಡುವ ರೂಢಿಯಿರಲಿಲ್ಲ. ಮದುವೆಯಾದಾಗಿನಿಂದ ನನಗೆ ಹೇಳಬೇಕಾದ್ದನ್ನೆಲ್ಲ ಗೋಡೆಗೋ ಎಮ್ಮೆಗೋ ಹೇಳುತ್ತಿದ್ದರು. ಊರು ದಾಟುವಷ್ಟರಲ್ಲಿ ವ್ಯಾನು ಕಾದು ಕೂಸು ಕೆಂಪಾಗಿ ಕಿರುಚತೊಡಗಿತು. ತಗಡಿಗೆ ಮೆತ್ತಿದ ಕಾಗದ ತಗಡಿನ ಜೊತೆ ತಾನೂ ಕಾದಿತ್ತು. ಅತ್ತೆ ಕೂಸಿನ ಕಡೆ ಬಗ್ಗಿ, ನಿಮ್ಮಪ್ಪ ಓದಿದ್ದೆಲ್ಲ ಹೊಳ್ಯಾಗ ಹೋತು ಕಣವ್ವ ಎಂದರು.

ಅಷ್ಟರಲ್ಲಿ ಇಡೀ ಹಾಳೆ ಚರಕ್ಕನೆ ಕಳಚಿ ನಮ್ಮ ತಲೆಯ ಮೇಲೆ ಬಿತ್ತು. ಗಾಬರಿಯಲ್ಲಿ ಒಂದು ತುದಿಯನ್ನು ನಾನು ಎತ್ತಿ ಹಿಡಿದೆ, ಇನ್ನೊಂದನ್ನು ಅತ್ತೆ. ಚಾವಣಿಗೂ ಹಾಳೆಗೂ ನಡುವೆ ಗೇಣಷ್ಟು ಜಾಗ ಉಳಿಯಿತು. ನೋಡಿ, ಅದರ ಮೇಲೆ ಕೈ ಚಾಚಿದರೆ ಒಲೆಯ ಕಾವು, ಕೆಳಗೆ ಹುಣಸೆಮರದ ನೆರಳು. ಫ್ಲಾಸ್ಕಿನ ಗೋಡೆಗಳ ನಡುವೆಯೂ ಖಾಲಿ ಜಾಗ ಇರುತ್ತದೆಂಬ ಅರ್ಧ ಪಾಠವನ್ನು ನಾನು ಮರೆತೇ ಬಿಟ್ಟಿದ್ದೆ. ಕೂಸಿನ ಅಳು ಇಳಿಯಿತು, ಕಣ್ಣು ಮುಚ್ಚಿತು. ನಾನು ಕೈ ಬದಲಿಸಲು ಹೋದೆ.

“ಕೈ ಇಳಿಸಬ್ಯಾಡ್ರಿ,” ಎಂದರು ಅತ್ತೆ. “ಕೂಸು ಮಲಗೈತೆ.”

ಅಕ್ಕಪಕ್ಕ ಗೋಡೆಯಿರಲಿಲ್ಲ, ಎಮ್ಮೆಯೂ ಇರಲಿಲ್ಲ. ನನಗೇ ಹೇಳಿದ್ದರು. ಹರಿಹರ ಬರುವವರೆಗೆ ನಾವಿಬ್ಬರೂ ಚಪ್ಪರದ ಕಂಬಗಳಂತೆ ಕೂತಿದ್ದೆವು. ಸಾಹೇಬರು ಕನ್ನಡಿಯಲ್ಲಿ ನೋಡುತ್ತ, ಗುಂಡಿ ತಪ್ಪಿಸುತ್ತ, ಹಾರ್ನ್ ಹೊಡೆಯದೆ ಓಡಿಸಿದರು.

ಮನೆ ಮುಟ್ಟಿ ಕೂಸಿನ ಹಣೆ ಮುಟ್ಟಿದರೆ ತಣ್ಣಗಿತ್ತು. ಅತ್ತೆ ಸೆರಗು ಸರಿಮಾಡಿಕೊಂಡು ನನ್ನನ್ನೇ ನೋಡಿ, ಕೈ ನೋಯ್ತಾವೇನ್ರಿ ಎಂದು ಕೇಳಿದರು. ಹೆಗಲು ಕಿತ್ತು ಬರುವಂತಿತ್ತು. ಇಲ್ರಿ ಎಂದೆ. ನಮ್ಮ ಮೊದಲ ಸಂಭಾಷಣೆ ಅದೇ, ಆಮೇಲೆ ಅವರು ಮಾತು ನಿಲ್ಲಿಸಲೇ ಇಲ್ಲ.