ಡೆಲಿಮಾಳ ಆರಡಿ ಮೂರಡಿ

ಸೇಂ-ಪೊಲಿಡೋರ್ ಊರಿನಲ್ಲಿ ಚಳಿಗಾಲದಲ್ಲಿ ಸತ್ತವರು ಮಣ್ಣಿಗಾಗಿ ಕಾಯಬೇಕು. ನೆಲ ಕಬ್ಬಿಣದಂತೆ ಹೆಪ್ಪುಗಟ್ಟಿರುತ್ತದೆ. ಮೇ ತಿಂಗಳು ಅರ್ಧ ಕಳೆಯುವವರೆಗೆ ಹೆಣದ ಪೆಟ್ಟಿಗೆ ಇಗರ್ಜಿಯ ಹಿಂದಿನ ಕಲ್ಲುಕೋಣೆಯಲ್ಲಿ. ಫೆಬ್ರವರಿಯಲ್ಲಿ ತೀರಿಕೊಂಡ ಡೆಲಿಮಾ ಅಲ್ಲಿದ್ದಳು. ಗಂಡ ಒನೆಜಿಮ್ ದಿನಾ ಹೋಗಿ ಬಾಗಿಲ ಮುಂದಿನ ಹಿಮ ಸರಿಸಿ ಬರುತ್ತಿದ್ದ.

ಆದರೆ ಆ ವರ್ಷ, 1971ರಲ್ಲಿ, ಕಾಯುವುದಕ್ಕೂ ಅಪ್ಪಣೆ ಇರಲಿಲ್ಲ. ಏಪ್ರಿಲ್ ಮೂವತ್ತಕ್ಕೆ ಊರು ಮುಚ್ಚಬೇಕೆಂದು ರಾಜಧಾನಿಯ ಸಾಹೇಬರು ಬರೆದಿದ್ದರು. ಮೂವತ್ತೈದು ವರ್ಷದ ಹಿಂದೆ ಇಂಥವರೇ, ಪಾದ್ರಿಗಳ ಬಾಯಲ್ಲಿ ಸ್ವರ್ಗ ತೋರಿಸಿ, ಕೆಲಸವಿಲ್ಲದ ಅರವತ್ತು ಸಂಸಾರಗಳ ಕೈಗೆ ಕೊಡಲಿ ಕೊಟ್ಟು ಗ್ಯಾಸ್ಪೆ ಸೀಮೆಯ ಈ ಕಾಡಿಗೆ ಅಟ್ಟಿದ್ದರು. ಮರ ಕಡಿದು, ಕಲ್ಲು ಆಯ್ದು, ಮಕ್ಕಳನ್ನು ಹೂತು ಅವರು ಊರು ಮಾಡಿದರು. ಈಗ ಊರು ಗಿಟ್ಟುವುದಿಲ್ಲವಂತೆ! ಪಟ್ಟಣದಲ್ಲೊಂದು ಗೂಡು ಬೇಕಿದ್ದರೆ ಸ್ವಂತ ಮನೆಯನ್ನು ಸ್ವಂತ ಕೈಯಿಂದ ಸುಟ್ಟು ಹೊರಡಬೇಕಂತೆ, ಯಾರೂ ಮರಳಿ ಬಾರದಂತೆ.

ಒನೆಜಿಮನಿಗೆ ಮನೆಯ ಚಿಂತೆಯಿರಲಿಲ್ಲ. ಹಸುಗೂಸಾಗಿದ್ದಾಗಲೇ ಹೋದ ಇಬ್ಬರು ಮಕ್ಕಳ ಪಕ್ಕದಲ್ಲೇ ತನ್ನನ್ನು ಮಲಗಿಸಬೇಕೆಂದು ಡೆಲಿಮಾ ಭಾಷೆ ತೆಗೆದುಕೊಂಡಿದ್ದಳು.

"ಹದಿನೈದೇ ದಿನ ಸ್ವಾಮಿ, ಮಣ್ಣು ಸಡ್ಲ ಆಗ್ಲಿ," ಎಂದು ಊರು ಮುಚ್ಚಿಸಲು ಬಂದ ಅಧಿಕಾರಿ ತೆಸ್ಸಿಯೆಯನ್ನು ಬೇಡಿದ.

"ಪೆಟ್ಟಿಗೇನ ಪಟ್ಟಣಕ್ಕೆ ಸಾಗಿಸ್ತೀವಲ್ಲ. ಮೇ ಒಂದರಿಂದ ಈ ಊರೇ ಇರಲ್ಲ ಯಜಮಾನ್ರೇ. ಇಲ್ದಿರೋ ಊರಲ್ಲಿ ಹೂಳೋದು ಹೆಂಗೆ?"

ಆತ ಹೋದ ಮೇಲೆ ನೆರೆಯ ಲೆಯೊಪೋಲ್ ಉಗಿದ: "ಪುಣ್ಯಾತ್ಮ ಕಣೋ! ಸುಡೋಕೆ ಸೀಮೆಎಣ್ಣೆನೂ ಅವನೇ ತಂದವ್ನೆ."

ಮರುದಿನ ಒನೆಜಿಮ್ ಮಕ್ಕಳ ಶಿಲುಬೆಗಳ ಪಕ್ಕ ಪಿಕಾಸಿ ಹಾಕಿದ. ಕಿಡಿ ಹಾರಿತು, ಮಣ್ಣು ಅಲುಗಲಿಲ್ಲ. ಮನೆಗೆ ಬಂದು ಅಡುಗೆಮನೆಯ ಗೋಡೆ ಹಲಗೆ ಕೀಳತೊಡಗಿದ.

"ತಲೆ ಕೆಟ್ಟಿತೇನೋ ಮುದುಕ?" ಲೆಯೊಪೋಲ್ ಓಡಿಬಂದ.

"ಹೆಂಗೂ ಸುಡ್ಬೇಕಲ್ಲ. ಎಲ್ಲಿ ಸುಡ್ಬೇಕು ಅಂತ ಕಾಗ್ದದಲ್ಲಿ ಬರ್ದಿಲ್ಲ. ಆ ಕಡೆ ಹಿಡ್ಕೊ."

ಹಿಮದ ಜಾರುಬಂಡಿಯ ಮೇಲೆ ಮನೆ ತುಂಡುತುಂಡಾಗಿ ಸ್ಮಶಾನಕ್ಕೆ ಹೋಯಿತು. ಉರಿಸುವುದು, ಕೆಂಡ ಸರಿಸುವುದು, ಬಿಸಿಗೆ ಸಡಿಲಾದ ಮಣ್ಣನ್ನು ಗೇಣಷ್ಟು ಅಗೆಯುವುದು, ಮತ್ತೆ ಉರಿಸುವುದು. ಬಾಗಿಲು ಹೋಯಿತು, ಕಿಟಕಿ ಚೌಕಟ್ಟು ಹೋಯಿತು, ಮದುವೆಯ ಮಂಚವೂ ಹೋಯಿತು. ತೆಸ್ಸಿಯೆ ದೂರದಲ್ಲಿ ಕಾರು ನಿಲ್ಲಿಸಿ ನೋಡಿದ. ಇಳಿಯುವ ಮುಖ ಅವನಿಗಿರಲಿಲ್ಲ.

ಇಪ್ಪತ್ತೊಂಬತ್ತರಂದು, ಗುಂಡಿ ನಾಲ್ಕಡಿ ಆಳವಾಗುವಷ್ಟರಲ್ಲಿ, ಮನೆ ಮುಗಿಯಿತು. ಲೆಯೊಪೋಲ್ ಹೋಗಿ ತನ್ನ ಮನೆಯ ಜಗಲಿ ಕಿತ್ತು ತಂದ.

ಮೂವತ್ತರ ಮಧ್ಯಾಹ್ನ ಡೆಲಿಮಾ ಮಕ್ಕಳ ಪಕ್ಕ ಮಲಗಿದಳು. ಅವಳ ಆಚೆಗೆ ಇನ್ನೊಬ್ಬರಿಗೆ ಆಗುವಷ್ಟು ಜಾಗ ಖಾಲಿಯಿತ್ತು. ಒನೆಜಿಮ್ ಅದನ್ನು ನೋಡಿ ಲಾರಿ ಹತ್ತಿದ. ಅವನಿಗೆ ಪಟ್ಟಣದ ಮಣ್ಣೇ ಗತಿ.