ಹೆರಿಗೆ ತೊಟ್ಟಿಯ ಬಿಸಿನೀರು

ಕಳೆದ ವಾರ ಬಚ್ಚಲಿಗೆಂದು ತಂದ ಹೊಸ ಶವರ್ ಕರ್ಟನ್ನಿನ ಪ್ಯಾಕೆಟ್ ಒಡೆದೆ. ಹೊಸ ಪ್ಲಾಸ್ಟಿಕ್ಕಿನ ಘಾಟು ಮೂಗಿಗೆ ಬಡಿಯಿತು. ಕರ್ಟನ್ನನ್ನು ಕೈಯಲ್ಲಿ ಹಿಡಿದುಕೊಂಡೇ ಬಚ್ಚಲ ಅಂಚಿನಲ್ಲಿ ಕುಳಿತುಬಿಟ್ಟೆ. ಅಮೆರಿಕದ ಷಾರ್ಲೆಟ್‌ನ ಈ ಮನೆ ಮರೆತುಹೋಗಿ, ರಾಕ್‌ವಿಲ್‌ನ ನಮ್ಮ ಹಳೆಯ ಹಾಲ್, ಅದರ ನಡುವೆ ಉಬ್ಬಿ ನಿಂತ ನೀಲಿ ತೊಟ್ಟಿ, ಅದರ ಪಕ್ಕ ಸೊಂಟಕ್ಕೆ ಕೈಯಿಟ್ಟು ನಿಂತ ಪಕ್ಕದ ಮನೆಯ ಆಂಟಿ...

ಅದು ಕೊರೋನಾ ಬಂದ ವರ್ಷದ ಬೇಸಿಗೆ. ನಾನು ಎರಡನೆಯ ಬಾರಿ ಬಸುರಿ. ಬಾಣಂತನಕ್ಕೆ ಮೈಸೂರಿನಿಂದ ಬರಬೇಕಿದ್ದ ಅಮ್ಮನ ಟಿಕೆಟ್ ರದ್ದಾಗಿತ್ತು. ಆಸ್ಪತ್ರೆಗೆ ಹೋದರೆ ಜೊತೆಗೆ ಒಬ್ಬರನ್ನು ಮಾತ್ರ ಬಿಡುತ್ತಿದ್ದರು. ಆ ಒಬ್ಬರು ನಮ್ಮವರಾದರೆ, ಇನ್ನೂ ಸರಿಯಾಗಿ ಮಾತು ಬಾರದ ಮಗಳನ್ನು ಯಾರ ಬಳಿ ಬಿಡುವುದು? ಯೋಚಿಸಿ ಯೋಚಿಸಿ ಸುಸ್ತಾಗಿ, ಕೊನೆಗೆ ಲೈಸೆನ್ಸ್ ಇದ್ದ ಮಿಡ್‌ವೈಫ್ ಒಬ್ಬಳನ್ನು, ಅಂದರೆ ಸೂಲಗಿತ್ತಿಯನ್ನು, ಗೊತ್ತು ಮಾಡಿಕೊಂಡು ಮನೆಯಲ್ಲೇ ಹೆರಿಗೆ ಎಂದು ತೀರ್ಮಾನಿಸಿದೆವು. ಬಿಸಿನೀರಿನಲ್ಲಿ ಕೂತರೆ ನೋವು ತಡೆದುಕೊಳ್ಳಬಹುದು ಎಂದು ಆಕೆ ಹೇಳಿದ್ದರಿಂದ ಗಾಳಿ ತುಂಬಿಸುವ ತೊಟ್ಟಿಯೊಂದನ್ನು ಬಾಡಿಗೆಗೆ ತರಿಸಿದೆವು. ಬೇರೆ ಯಾರೋ ಬಳಸಿದ ತೊಟ್ಟಿಯೇ. ಒಳಗೆ ಹಾಸುವ ಪ್ಲಾಸ್ಟಿಕ್ ಹೊದಿಕೆ ಮಾತ್ರ ಹೊಚ್ಚ ಹೊಸದು, ಸೀಲ್ ಒಡೆಯದ್ದು; ಬಿಡಿಸಿದಾಗ ಇದೇ ಘಾಟು.

ಆಂಟಿ ಉಡುಪಿ ಕಡೆಯ ಕ್ಯಾಥೊಲಿಕ್ಕರು. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಗಂಡ ತೀರಿಕೊಂಡಿದ್ದರು, ಮಗಳು ದೂರದ ಊರಿನಲ್ಲಿದ್ದಳು ಎಂಬುದಷ್ಟೇ ನನಗೆ ಗೊತ್ತಿದ್ದದ್ದು. ನನ್ನ ಪರದಾಟ ಕೇಳಿ ಒಂದು ದಿನ ಅವರೇ ಬಂದು, "ಮಗುವನ್ನು ನಾನು ನೋಡಿಕೊಳ್ತೇನೆ. ನಾನು ಹೇಗೂ ಎಲ್ಲಿಗೂ ಹೋಗುದಿಲ್ಲ, ನೀವೂ ಹೋಗುದಿಲ್ಲ. ಮತ್ತೆ ಎಂತ ಹೆದರಿಕೆ?" ಎಂದಿದ್ದರು. ಆ ದಿನಗಳಲ್ಲಿ ಬೇರೆಯವರ ಮನೆಯೊಳಗೆ ಕಾಲಿಡುವುದೇ ದೊಡ್ಡ ಮಾತಾಗಿತ್ತು.

ದಿನ ಸಮೀಪಿಸಿದಾಗ, ನೋವು ಶುರುವಾದ ಮೇಲೆ ಒದ್ದಾಡುವುದು ಬೇಡವೆಂದು ನಮ್ಮವರು ಮುಂಚೆಯೇ ತೊಟ್ಟಿ ತುಂಬಿಸಿದರು. ಅಂಗಳದಲ್ಲಿ ಗಿಡಕ್ಕೆ ನೀರು ಬಿಡುವ ಪೈಪಿನಿಂದಲೇ ತುಂಬಿಸಿ, ಹೀಟರ್ ಹಾಕಿ, ಮುಚ್ಚಿಟ್ಟರು. ದಿನವಿಡೀ ಆಫೀಸಿನ ಕಾಲ್‌ಗಳು, ಮಗಳ ರಗಳೆ, ಅಡುಗೆ... ಒಂದು ಕೆಲಸ ಮುಗಿಯಿತಲ್ಲ ಎಂದು ನನಗೂ ಹಾಯೆನಿಸಿತ್ತು.

ಮರುದಿನ ಮಧ್ಯಾಹ್ನ ಆಂಟಿ ಬಂದರು. ಮುಚ್ಚಳ ಸರಿಸಿದರು. ಬೆಚ್ಚಗಿನ ಆವಿ ಎದ್ದಿತು. ಅವರು ಥಟ್ಟನೆ ಹಿಂದೆ ಸರಿದರು.

"ಇದು ಯಾವಾಗ ತುಂಬಿಸಿದ್ದು?"

"ನಿನ್ನೆ, ಆಂಟಿ. ಹೀಟರ್ ಆನ್ ಇಟ್ಟಿದೀವಿ. ಪೇನ್ ಶುರು ಆದ್ರೆ ರೆಡಿ ಇರುತ್ತೆ ಅಂತ," ಎಂದರು ನಮ್ಮವರು.

"ಖಾಲಿ ಮಾಡಿ."

"ಕವರ್ ಮಾಡಿದೀವಿ ಆಂಟಿ. ನೀರು ಕ್ಲೀನಾಗೇ ಇದೆಯಲ್ಲ..."

ಆಂಟಿ ಕುರ್ಚಿ ಎಳೆದು ಕುಳಿತರು. ಆಮೇಲೆ ನನ್ನ ಕಡೆ ತಿರುಗಿ, "ನಮ್ಮ ಯಜಮಾನ್ರು ಹೋದದ್ದು ಹೀಗೇ ಬಿಸಿನೀರಲ್ಲಿ ಕೂತು," ಎಂದರು. "ಅಟ್ಲಾಂಟಾದಲ್ಲಿ ಒಂದು ಮದುವೆ. ಹೋಟೆಲಲ್ಲಿ ಬಿಸಿನೀರಿನ ಟಬ್ ಇತ್ತು. ಮೊಣಕಾಲು ನೋವಿಗೆ ಒಳ್ಳೇದು ಅಂತ ದಿನಾ ಕೂತ್ರು. ಮನೆಗೆ ಬಂದ ಮೇಲೆ ಜ್ವರ, ಕೆಮ್ಮು. ಮತ್ತೆ ಏಳ್ಲೇ ಇಲ್ಲ. ಬೆಚ್ಚಗೆ ನಿಂತ ನೀರಲ್ಲಿ ಕಣ್ಣಿಗೆ ಕಾಣದ ರೋಗದ ಹುಳ ಬೆಳೀತದಂತೆ, ಆವಿಯಲ್ಲಿ ಶ್ವಾಸಕೋಶಕ್ಕೆ ಹೋಗ್ತದಂತೆ. ಡಾಕ್ಟ್ರು ಹೇಳಿದ್ದು. ಆ ನೀರೂ ನೋಡ್ಲಿಕ್ಕೆ ಚಂದವೇ ಇತ್ತು ಮಾರಾಯ್ತಿ."

ನಮ್ಮವರು ಹೀಟರ್ ಆರಿಸಿದರು. ಮಿಡ್‌ವೈಫ್‌ಗೆ ಫೋನ್ ಮಾಡಿದೆ. ಆಕೆಯೂ ಗಾಬರಿಯಾಗಿ ಅದನ್ನೇ ಹೇಳಿದಳು: ಈಗಲೇ ಚೆಲ್ಲಿ, ಹೊಸ ಹೊದಿಕೆ ಹಾಸಿ, ನೋವು ಶುರುವಾದ ಮೇಲೆಯೇ ತುಂಬಿಸಿ, ಅದೂ ಕುಡಿಯುವ ನೀರಿಗೆ ಬಳಸುವ ಹೊಸ ಪೈಪಿನಿಂದ.

ಕೆಲವು ದಿನಗಳ ನಂತರ, ಒಂದು ಬೆಳಗ್ಗೆ ನೋವು ಬಂತು. ಹೊಸ ನೀರು ತುಂಬಿತು. ಗೀಸರ್ ನೀರು ಅರ್ಧಕ್ಕೇ ತಣ್ಣಗಾದ್ದರಿಂದ ನಮ್ಮವರು ಒಲೆಯ ಮೇಲೆ ಪಾತ್ರೆಗಟ್ಟಲೆ ಕಾಯಿಸಿ ಸುರಿದರು. ಥರ್ಮಾಮೀಟರ್ ನೋಡಿದ ಮೇಲೆಯೇ ಮಿಡ್‌ವೈಫ್ ನನ್ನನ್ನು ಇಳಿಯಲು ಬಿಟ್ಟಳು. ಆಂಟಿ ಮೆಟ್ಟಿಲ ಮೇಲೆ ನನ್ನ ಮಗಳನ್ನು ತೊಡೆಯ ಮೇಲೆ ಅವುಚಿಕೊಂಡು ಕೂತಿದ್ದರು. ತೊಟ್ಟಿಯತ್ತ ಓಡಲು ಅವಳು ಕೊಸರಾಡಿದಾಗಲೆಲ್ಲ, ಕೈ ಸಡಿಲಿಸದೆಯೇ ತುಳುವಿನಲ್ಲಿ ಏನೋ ಹಾಡುತ್ತಿದ್ದರು.

ನೀರಿಗೆ ಇಳಿದಾಗ ತಿಂಗಳುಗಳ ದಣಿವೆಲ್ಲ ಮೈಬಿಟ್ಟು ಹೋದ ಹಾಗಿತ್ತು. ಕಣ್ಣು ಮುಚ್ಚಿದೆ. ಎಷ್ಟು ಹೊತ್ತು ಹಾಗಿದ್ದೆನೋ... ನೀರು ಹಸಿರಾಗಿದೆ, ಮಗು ಹೊಟ್ಟೆಯೊಳಗೇ ಮಲವಿಸರ್ಜನೆ ಮಾಡಿದೆ, ಅದು ಅದರ ಉಸಿರಿಗೆ ಹೋದರೆ ಅಪಾಯ, ಹೊರಗೆ ಬಾ ಎಂದು ಮಿಡ್‌ವೈಫ್ ಹೇಳುವುದು ಕೇಳಿಸಿತು. ಆಸ್ಪತ್ರೆಗೆ ಹೋಗಬೇಕಂತೆ. ನನಗೆ ಅಲ್ಲಾಡಲೂ ಮನಸ್ಸಿರಲಿಲ್ಲ. ಆಗಲ್ಲ, ಇಲ್ಲೇ ಆಗಲಿ ಎಂದೆ. ನಮ್ಮವರು ಆಂಬುಲೆನ್ಸಿಗೆ ಫೋನ್ ಮಾಡುತ್ತಿದ್ದರು.

ಆಂಟಿ ನನ್ನ ಮಗಳನ್ನು ನಮ್ಮವರ ಕೈಗೆ ಕೊಟ್ಟು ನನ್ನ ಬಳಿ ಬಂದರು. ಎರಡೂ ತೋಳುಗಳ ಕೆಳಗೆ ಕೈ ಹಾಕಿದರು. "ಏಳು ಮಗಾ. ಸುಸ್ತು ಉಂಟು, ಗೊತ್ತುಂಟು. ಆದ್ರೂ ಏಳು." ಮಿಡ್‌ವೈಫ್ ಇನ್ನೊಂದು ಕಡೆ ಹಿಡಿದಳು. ಎದ್ದೆ.

ಆಸ್ಪತ್ರೆ ಮುಟ್ಟಿದ ಸ್ವಲ್ಪ ಹೊತ್ತಿಗೇ ಮಗ ಹುಟ್ಟಿದ. ಹುಟ್ಟಿದ ಕೂಡಲೇ ಅಳಲಿಲ್ಲ. ಯಾರು ಯಾರೋ ಓಡಿಬಂದು ಅವನನ್ನು ಪಕ್ಕದ ಮೇಜಿಗೆ ಒಯ್ದರು, ನನಗೆ ಬೆನ್ನುಗಳು ಮಾತ್ರ ಕಂಡವು. ಆಮೇಲೆ ಅತ್ತ. ಸಣ್ಣ ದನಿ, ಕೆಮ್ಮಿನ ಹಾಗೆ.

ಮನೆಗೆ ಬಂದಾಗ ಹಾಲ್ ಖಾಲಿ. ತೊಟ್ಟಿ ತೊಳೆದು, ಒಣಗಿಸಿ, ಮಡಚಿ ಡಬ್ಬಕ್ಕೆ ಸೇರಿತ್ತು. ಇಡೀ ಮನೆ ಬ್ಲೀಚ್ ನಾತ. ಆಂಟಿ ಸೋಫಾದಲ್ಲಿ ಕೂತಲ್ಲೇ ನಿದ್ದೆಹೋಗಿದ್ದರು, ಮಗಳು ಅವರ ಮೈಮೇಲೆ. ಎಬ್ಬಿಸಲು ಮನಸ್ಸಾಗದೆ ಹಸುಗೂಸನ್ನು ಎತ್ತಿಕೊಂಡು ಎದುರು ಕೂತೆ.

ಕೆಲಸಕ್ಕಾಗಿ ನಾವು ಷಾರ್ಲೆಟ್‌ಗೆ ಬಂದ ಮೇಲೆ ಫೋನು ಹಬ್ಬಗಳಿಗಷ್ಟೇ ಉಳಿಯಿತು. ಈ ರಜೆಗೆ ಹೋಗೋಣ, ಮುಂದಿನ ರಜೆಗೆ ಹೋಗೋಣ ಎನ್ನುತ್ತಲೇ ಇದ್ದೆವು. ಕಳೆದ ಚಳಿಗಾಲದಲ್ಲಿ ಅವರ ಮಗಳು ಫೋನ್ ಮಾಡಿದಾಗ ಆಂಟಿ ತೀರಿಕೊಂಡು, ಎಲ್ಲ ಮುಗಿದು ವಾರವಾಗಿತ್ತು. "ಮಮ್ಮಿ ನಿಮ್ಮ ಮಗ ಎಷ್ಟುದ್ದ ಆಗಿದಾನೆ ಅಂತ ಕೇಳ್ತಾ ಇದ್ರು," ಎಂದಳು.

ಮೊನ್ನೆ ಊಟದ ಹೊತ್ತಿಗೆ ಮಗನಿಗೆ ಅವರ ಬಗ್ಗೆ ಹೇಳಿದೆ. "ಅವ್ರು ನಮ್ ರಿಲೇಟಿವ್ ಆ?" ಎಂದ. ಅಲ್ಲ ಎಂದೆ. ಅವನು ಹುಟ್ಟಿದ ದಿನದ ಕತೆ ಹೇಳತೊಡಗಿದೆ. ನೀರಿನಿಂದ ನನ್ನನ್ನು ಎಬ್ಬಿಸಿದ ಜಾಗಕ್ಕೆ ಬಂದಾಗ ಮಾತು ನಿಲ್ಲಿಸಿ ಅವನ ತಟ್ಟೆಗೆ ಅನ್ನ ಬಡಿಸತೊಡಗಿದೆ.

"ದೆನ್ ವಾಟ್ ಹ್ಯಾಪನ್ಡ್, ಅಮ್ಮಾ?"

ಉಳಿದದ್ದನ್ನು ಅವನ ಅಪ್ಪ ಹೇಳಿ ಮುಗಿಸಿದರು.